ಜಾಹೀರಾತಿನಿಂದ ಬ್ರ್ಯಾಂಡ್ ಗುರುತು ಹೆಚ್ಚಿತಾ? ಯಾವ ಟೆಸ್ಟ್ ಯಾವಾಗ ಆರಿಸಬೇಕು

ಜಾಹೀರಾತು ಶುರುವಾಗುವ ಮೊದಲು 400 ಜನರನ್ನು ಕೇಳಿದಿರಿ ಅಂದುಕೊಳ್ಳಿ. 120 ಜನ ನಿಮ್ಮ ಬ್ರ್ಯಾಂಡನ್ನು ಗುರುತಿಸಿದರು. ಜಾಹೀರಾತು ಓಡಿ ಮುಗಿದ ಮೇಲೆ ಮತ್ತೆ 400 ಜನರನ್ನು ಕೇಳಿದಿರಿ. ಈ ಸಲ 148. ಅಂದರೆ ಶೇ. 30 ಇದ್ದದ್ದು ಶೇ. 37 ಆಯಿತು. ಸ್ಲೈಡ್‌ನಲ್ಲಿ ಬಾಣ ಮೇಲಕ್ಕೆ ಹೋಗುತ್ತದೆ, ಮೀಟಿಂಗ್‌ನಲ್ಲಿ ಎಲ್ಲರೂ ತಲೆದೂಗುತ್ತಾರೆ.

ತಮಾಷೆ ಏನೆಂದರೆ, ಇದೇ 120 ಮತ್ತು 148 ಒಂದು ಸಂಖ್ಯಾಶಾಸ್ತ್ರದ ಟೆಸ್ಟ್‌ನಲ್ಲಿ (ಏರಿಕೆ ನಿಜವೋ, ಬರೀ ಅದೃಷ್ಟವೋ ಎಂದು ನೋಡುವ ಲೆಕ್ಕ) ಏದುಸಿರು ಬಿಡುತ್ತಾ ಪಾಸಾಗುತ್ತವೆ. ಇನ್ನೊಂದರಲ್ಲಿ ಆರಾಮಾಗಿ ಪಾಸಾಗುತ್ತವೆ. ಮೂರನೆಯದರಲ್ಲಿ ನೆಲಕಚ್ಚುತ್ತವೆ. ಯಾರೂ ಮೋಸ ಮಾಡಿಲ್ಲ. ಯಾರನ್ನು ಕೇಳಿದಿರಿ, ಯಾರ ಜೊತೆ ಹೋಲಿಸಿದಿರಿ ಎನ್ನುವುದು ಬದಲಾಗಿದೆ, ಅಷ್ಟೇ. ಸುಮಾರು ಜನ ಸರ್ವೆ ಎಲ್ಲ ಮುಗಿಸಿ, ಎಕ್ಸೆಲ್ ಹಾಳೆ ತೆರೆದು, ಆಮೇಲೆ "ಯಾವ ಟೆಸ್ಟ್ ಹಾಕಲಿ?" ಎಂದು ಕೇಳುತ್ತಾರೆ. ಅಷ್ಟು ಹೊತ್ತಿಗೆ ಆ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿರುತ್ತದೆ, ಸರ್ವೆ ಮಾಡಿದ ರೀತಿಯಲ್ಲೇ.

ಎಲ್ಲ ಟೆಸ್ಟ್‌ಗಳ ಹಿಂದಿರುವ ಯೋಚನೆ ಒಂದೇ

ಮೊದಲು ವಾದಕ್ಕೆ ಒಂದು ಮಾತು ಒಪ್ಪಿಕೊಳ್ಳುತ್ತೇವೆ: ಜಾಹೀರಾತಿನಿಂದ ಏನೂ ಆಗಿಲ್ಲ. ಇದಕ್ಕೆ ಶೂನ್ಯ ಊಹೆ ಎನ್ನುತ್ತಾರೆ. ನಲ್ ಹೈಪಾಥಿಸಿಸ್ ಅಂದರೂ ಇದೇ. ಆಮೇಲೆ ಕೇಳುತ್ತೇವೆ: ನಿಜವಾಗಿ ಏನೂ ಆಗಿಲ್ಲದಿದ್ದರೆ, ಬರೀ ಸ್ಯಾಂಪಲ್‌ನ ಅದೃಷ್ಟದಿಂದ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ ಎಷ್ಟು? ಆ ಸಾಧ್ಯತೆಯೇ ಪಿ ವ್ಯಾಲ್ಯೂ. ಅದು ತುಂಬ ಸಣ್ಣದಾದರೆ "ಏನೂ ಆಗಿಲ್ಲ" ಎನ್ನುವ ಮಾತನ್ನು ಕೈಬಿಡುತ್ತೇವೆ.

ಎಷ್ಟು ಸಣ್ಣದು ಅಂದರೆ ಸಾಕು? 0.05 ಎನ್ನುವುದು ರೂಢಿ. 1925ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇದನ್ನು ಅನುಕೂಲಕರ ಗಡಿ ಎಂದು ಸೂಚಿಸಿದ್ದರು. ಆಮೇಲೆ ಅದು ಕಲ್ಲಲ್ಲಿ ಕೊರೆದ ಗೆರೆಯಂತಾಗಿಬಿಟ್ಟಿತು. 2016ರಲ್ಲಿ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ ಒಂದು ಹೇಳಿಕೆ ಹೊರಡಿಸಿ, ಪಿ ವ್ಯಾಲ್ಯೂ ಒಂದು ಗೆರೆ ದಾಟಿತು ಎಂಬ ಒಂದೇ ಕಾರಣಕ್ಕೆ ತೀರ್ಮಾನ ಮಾಡಬೇಡಿ ಎಂದು ಎಚ್ಚರಿಸಬೇಕಾಯಿತು. ಇನ್ನೊಂದು ಮಾತು: ಪಿ 0.03 ಬಂದರೆ "ಜಾಹೀರಾತು ಕೆಲಸ ಮಾಡಿದ ಸಾಧ್ಯತೆ ಶೇ. 97" ಎಂದು ಅರ್ಥವಲ್ಲ. ಈ ತಪ್ಪು ಎಷ್ಟು ಸಹಜವಾಗಿ ಬಾಯಿಂದ ಬರುತ್ತದೆ ಅಂದರೆ, ಗೊತ್ತಿರುವವರೂ ಜೋರು ಮೀಟಿಂಗ್‌ನಲ್ಲಿ ಹಾಗೇ ಹೇಳಿಬಿಡುತ್ತಾರೆ.

ಮೊದಲು ಏನನ್ನು ಎಣಿಸುತ್ತಿದ್ದೀರಿ?

ಟೆಸ್ಟ್‌ಗಿಂತ ಮುಂಚಿನ ಆಯ್ಕೆ ಇದು. "ಈ ಬಗೆಯ ವಸ್ತು ಅಂದರೆ ನಿಮಗೆ ಯಾವ ಬ್ರ್ಯಾಂಡ್‌ಗಳು ನೆನಪಾಗುತ್ತವೆ?" ಎಂದು ಕೇಳುವುದು ಒಂದು. ಜನ ತಾವೇ ಹೆಸರು ಹೇಳಬೇಕು. ಪಟ್ಟಿಯನ್ನೋ ಲೋಗೋವನ್ನೋ ತೋರಿಸಿ "ಇವುಗಳಲ್ಲಿ ಯಾವುದು ಗೊತ್ತು?" ಎಂದು ಕೇಳುವುದು ಇನ್ನೊಂದು. ಮೊದಲನೆಯದು ನೆನಪು, ಎರಡನೆಯದು ಗುರುತು. ಗುರುತು ಸಾಮಾನ್ಯವಾಗಿ ಸುಲಭ, ಹಾಗಾಗಿ ಅಂಕಿ ಜಾಸ್ತಿ ಬರುತ್ತದೆ. ಜಾಹೀರಾತಿಗೆ ಮುಂಚೆ ಒಂದು ರೀತಿ ಕೇಳಿ, ಆಮೇಲೆ ಇನ್ನೊಂದು ರೀತಿ ಕೇಳಿದರೆ ಯಾವ ಟೆಸ್ಟೂ ನಿಮ್ಮನ್ನು ಕಾಪಾಡುವುದಿಲ್ಲ.

ಪಟ್ಟಿ ತೋರಿಸುವುದಾದರೆ ಒಂದೆರಡು ಸುಳ್ಳು ಹೆಸರುಗಳನ್ನೂ ಸೇರಿಸಿ. ಇಲ್ಲದ ಬ್ರ್ಯಾಂಡನ್ನೂ "ಹೌದು, ಗೊತ್ತು" ಎನ್ನುವವರು ಖಂಡಿತ ಸಿಗುತ್ತಾರೆ. ಬೇಕೆಂದೇ ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಗೊತ್ತಿಲ್ಲ ಎನ್ನಲು ಸಂಕೋಚ, ಅಥವಾ ಹೆಸರು ಎಲ್ಲೋ ಕೇಳಿದ ಹಾಗೆ ಅನಿಸುತ್ತದೆ. ಎರಡನೇ ಸುತ್ತಿನಲ್ಲಿ ಸುಳ್ಳು ಹೆಸರಿಗೂ "ಗೊತ್ತು" ಎನ್ನುವವರು ಏರಿದ್ದರೆ, ನಿಮ್ಮ ಬ್ರ್ಯಾಂಡಿನ ಏರಿಕೆಯಲ್ಲಿ ಒಂದು ಪಾಲು ಬರೀ ಧಾರಾಳತನ. ಇದಕ್ಕೆ ಖರ್ಚೇ ಇಲ್ಲ, ಆದರೂ ಬಹಳ ಕಡಿಮೆ ಜನ ಮಾಡುತ್ತಾರೆ. ಯಾಕೋ ಗೊತ್ತಿಲ್ಲ.

ಎರಡು ಸುತ್ತಿನಲ್ಲೂ ಬೇರೆ ಬೇರೆ ಜನ: ಜೆಡ್ ಟೆಸ್ಟ್ ಅಥವಾ ಕೈ ಸ್ಕ್ವೇರ್

ಮೊದಲ 400 ಜನ ಬೇರೆ, ಎರಡನೇ 400 ಜನ ಬೇರೆ ಎಂದಾದರೆ ಎರಡು ಪ್ರಮಾಣಗಳ ಜೆಡ್ ಟೆಸ್ಟ್ ಸರಿ. ಲೆಕ್ಕ ಕೈಯಲ್ಲೇ ಮಾಡಬಹುದು. ಒಟ್ಟು 800ರಲ್ಲಿ 268 ಜನ ಗುರುತಿಸಿದ್ದಾರೆ, ಅಂದರೆ 0.335. ಇದರಿಂದ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ (ಸ್ಯಾಂಪಲ್‌ನ ಅದೃಷ್ಟದಿಂದ ಅಂಕಿ ಎಷ್ಟು ಅಲುಗಾಡಬಹುದು ಎನ್ನುವ ಅಳತೆ) ಸುಮಾರು 0.033. ವ್ಯತ್ಯಾಸ 0.07. ಭಾಗಿಸಿದರೆ ಜೆಡ್ 2.10, ಪಿ ವ್ಯಾಲ್ಯೂ 0.036. ಪಾಸು, ಆದರೆ ಹೊಸಿಲು ಎಡವಿಕೊಂಡು.

ಕೈ ಸ್ಕ್ವೇರ್ ಟೆಸ್ಟ್ ಆರಿಸಲಾ, ಜೆಡ್ ಟೆಸ್ಟ್ ಆರಿಸಲಾ ಎಂದು ತಲೆ ಕೆಡಿಸಿಕೊಳ್ಳುವವರಿದ್ದಾರೆ. ಬೇಡ. 1900ರಲ್ಲಿ ಕಾರ್ಲ್ ಪಿಯರ್ಸನ್ ಕೊಟ್ಟ ಕೈ ಸ್ಕ್ವೇರ್ ಅನ್ನು ಎರಡು ಗುಂಪು, ಹೌದು ಅಥವಾ ಇಲ್ಲ ಎನ್ನುವ ಎರಡು ಉತ್ತರಕ್ಕೆ ಹಾಕಿದರೆ ಸಿಗುವುದು ಜೆಡ್‌ನ ವರ್ಗವೇ. ಇಲ್ಲಿ 4.40. ಪಿ ವ್ಯಾಲ್ಯೂ ಕೂಡ ಅದೇ. ಮೂರು ನಾಲ್ಕು ಗುಂಪುಗಳಿದ್ದರೆ, ಉದಾಹರಣೆಗೆ ಟಿವಿ ನೋಡಿದವರು, ಮೊಬೈಲ್‌ನಲ್ಲಿ ನೋಡಿದವರು, ಎರಡೂ ನೋಡದವರು, ಆಗ ಕೈ ಸ್ಕ್ವೇರ್ ಬೇಕು. ಎರಡೇ ಗುಂಪಾದರೆ ನನ್ನ ಮತ ಜೆಡ್‌ಗೆ. ಯಾಕೆಂದರೆ ಅದು ದಿಕ್ಕು ತೋರಿಸುತ್ತದೆ, ಮತ್ತು ಅದರ ಜೊತೆಗೇ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಏರಿಕೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎನ್ನುವ ವ್ಯಾಪ್ತಿ, ಸಿಗುತ್ತದೆ.

ಆ ಇಂಟರ್ವಲ್ ಮುಖ್ಯ. ಇಲ್ಲಿ ಅದು ಅರ್ಧ ಪಾಯಿಂಟ್‌ನಿಂದ ಹದಿಮೂರೂವರೆ ಪಾಯಿಂಟ್‌ವರೆಗೆ ಹರಡಿದೆ (ಶೇ. 30 ಇದ್ದದ್ದು ಶೇ. 37 ಆದರೆ 7 ಪಾಯಿಂಟ್ ಏರಿಕೆ). ಅಂದರೆ ನಿಜವಾದ ಏರಿಕೆ ಲೆಕ್ಕಕ್ಕೇ ಬಾರದಷ್ಟು ಸಣ್ಣದಿರಬಹುದು, ಇಲ್ಲವೇ ಕಂಡದ್ದಕ್ಕಿಂತ ಸುಮಾರು ಎರಡು ಪಟ್ಟು ಇರಬಹುದು. ಬರೀ "ಪಿ 0.036" ಎಂದು ಬರೆದರೆ ಈ ಅಗಲ ಮುಚ್ಚಿಹೋಗುತ್ತದೆ. ಹಣ ಹಾಕುವವರಿಗೆ ಬೇಕಾಗಿರುವುದು ಈ ಅಗಲ.

ಇದೇ ಶೇ. 30 ಮತ್ತು ಶೇ. 37, ಆದರೆ ಪ್ರತಿ ಸುತ್ತಿನಲ್ಲಿ 200 ಜನ ಮಾತ್ರ ಎಂದಿದ್ದರೆ? ಜೆಡ್ 1.48ಕ್ಕೆ ಇಳಿಯುತ್ತದೆ, ಪಿ 0.14 ಆಗುತ್ತದೆ. ಜಾಹೀರಾತು ಅದೇ, ಏರಿಕೆ ಅದೇ, ತೀರ್ಪು ಬೇರೆ.

ಒಂದು ಅನನುಕೂಲವೂ ಇದೆ. ಎರಡು ಸುತ್ತಿನ ಜನ ಒಂದೇ ಬಗೆಯವರಾಗಿರಬೇಕು. ಎರಡನೇ ಸುತ್ತಿನಲ್ಲಿ ಹುಡುಗರು ಜಾಸ್ತಿ ಸಿಕ್ಕಿ, ನಿಮ್ಮ ಬ್ರ್ಯಾಂಡ್ ಮೊದಲೇ ಹುಡುಗರಿಗೆ ಗೊತ್ತಿದ್ದದ್ದಾದರೆ, ಜಾಹೀರಾತೇ ಇಲ್ಲದೆ ಅಂಕಿ ಏರುತ್ತದೆ. ಆಗ ವಯಸ್ಸು, ಲಿಂಗ ಮುಂತಾದವನ್ನು ಸೇರಿಸಿ ಲಾಜಿಸ್ಟಿಕ್ ರಿಗ್ರೆಷನ್ (ಅವುಗಳ ಪ್ರಭಾವವನ್ನು ಬೇರೆ ಮಾಡಿ ನೋಡುವ ಲೆಕ್ಕ) ಮಾಡಬೇಕು, ಅಥವಾ ತೂಕ ಕೊಟ್ಟು ಸರಿದೂಗಿಸಬೇಕು.

ಅದೇ ಜನರನ್ನು ಎರಡು ಸಲ ಕೇಳಿದರೆ: ಮ್ಯಾಕ್‌ನೆಮಾರ್

ಈಗ ಅದೇ 400 ಜನರನ್ನು ಎರಡು ಸಲ ಕೇಳಿದಿರಿ ಅಂದುಕೊಳ್ಳಿ. ಮೊದಲು 120, ಆಮೇಲೆ 148. ಜೆಡ್ ಟೆಸ್ಟ್ ಹಾಕಿದರೆ ತಪ್ಪು, ಯಾಕೆಂದರೆ ಎರಡು ಗುಂಪು ಸ್ವತಂತ್ರವಾಗಿಲ್ಲ. ಮೊದಲ ಸಲ ಗುರುತಿಸಿದವರು ಎರಡನೇ ಸಲವೂ ಗುರುತಿಸುವುದು ಜಾಸ್ತಿ. ಇಲ್ಲಿ ಒಳಗಿನ ಓಡಾಟ ನೋಡಬೇಕು. 90 ಜನ ಎರಡು ಸಲವೂ ಗುರುತಿಸಿದರು. 222 ಜನ ಎರಡು ಸಲವೂ ಗುರುತಿಸಲಿಲ್ಲ. 58 ಜನ "ಇಲ್ಲ"ದಿಂದ "ಹೌದು"ಗೆ ಬಂದರು. 30 ಜನ "ಹೌದು"ದಿಂದ "ಇಲ್ಲ"ಕ್ಕೆ ಹೋದರು. ಕೂಡಿ ನೋಡಿ, ಮೊದಲು 120, ಆಮೇಲೆ 148, ಸರಿಹೋಗುತ್ತದೆ.

ಮನಶ್ಶಾಸ್ತ್ರಜ್ಞ ಕ್ವಿನ್ ಮ್ಯಾಕ್‌ನೆಮಾರ್ 1947ರಲ್ಲಿ ಕೊಟ್ಟ ಟೆಸ್ಟ್ ಈ ಕೊನೆಯ ಎರಡು ಗುಂಪನ್ನು ಮಾತ್ರ ನೋಡುತ್ತದೆ. ಅಭಿಪ್ರಾಯ ಬದಲಿಸದ 312 ಜನರಿಂದ ಬದಲಾವಣೆಯ ದಿಕ್ಕು ತಿಳಿಯುವುದಿಲ್ಲ. ಬದಲಾದವರು 88. ಜಾಹೀರಾತಿನಿಂದ ಏನೂ ಆಗಿಲ್ಲದಿದ್ದರೆ ಇವರು ಆ ಕಡೆ ಈ ಕಡೆ ಸರಿಸುಮಾರು ಅರ್ಧರ್ಧ ಹಂಚಿಹೋಗಬೇಕಿತ್ತು, 44 ಮತ್ತು 44. ಆದದ್ದು 58 ಮತ್ತು 30. ವ್ಯತ್ಯಾಸ 28, ಅದರ ವರ್ಗ 784, ಅದನ್ನು 88ರಿಂದ ಭಾಗಿಸಿದರೆ 8.91. ಪಿ ವ್ಯಾಲ್ಯೂ 0.003. ಮೇಲಿನ 0.036 ಎಲ್ಲಿ, ಇದು ಎಲ್ಲಿ! ಒಬ್ಬೊಬ್ಬರನ್ನೂ ಅವರ ಹಳೆಯ ಉತ್ತರದ ಜೊತೆಗೇ ಹೋಲಿಸಿದ್ದರಿಂದ ಜನರ ನಡುವಿನ ಗೊಂದಲ ಲೆಕ್ಕದಿಂದ ಹೊರಗೆ ಹೋಯಿತು. ಅದೇ ಇದರ ಬಲ.

ಹಾಗಾದರೆ ಯಾವಾಗಲೂ ಅದೇ ಜನರನ್ನೇ ಕೇಳಬಹುದಲ್ವಾ? ಇಲ್ಲಿ ಒಂದು ಗುಂಡಿ ಇದೆ. ಮೊದಲ ಸರ್ವೆಯೇ ಜನರಿಗೆ ನಿಮ್ಮ ಹೆಸರು ಕಲಿಸುತ್ತದೆ. ಮೂರು ವಾರ ಬಿಟ್ಟು ಮತ್ತೆ ಲೋಗೋ ತೋರಿಸಿದಾಗ "ಹೌದು, ನೋಡಿದ್ದೇನೆ" ಎನ್ನುತ್ತಾರೆ. ನೋಡಿದ್ದು ಜಾಹೀರಾತಿನಲ್ಲಲ್ಲ, ನಿಮ್ಮದೇ ಪ್ರಶ್ನಾವಳಿಯಲ್ಲಿ. ಗುರುತಿನ ವಿಷಯದಲ್ಲಿ ಈ ಕಾಟ ಬೇರೆ ಎಲ್ಲ ವಿಷಯಗಳಿಗಿಂತ ಜಾಸ್ತಿ. ಜೊತೆಗೆ ಎರಡನೇ ಸುತ್ತಿಗೆ ಎಲ್ಲರೂ ಬರುವುದಿಲ್ಲ, ಬರುವವರು ಸ್ವಲ್ಪ ಆಸಕ್ತಿ ಇದ್ದವರೇ. ಇದಕ್ಕೊಂದು ಮದ್ದಿದೆ. ಮೊದಲ ಸುತ್ತಿನಲ್ಲಿ ಕೇಳದೇ ಬಿಟ್ಟ ಇನ್ನೊಂದು ಗುಂಪನ್ನು ಎರಡನೇ ಸುತ್ತಿನಲ್ಲಿ ಮಾತ್ರ ಕೇಳಿ. ಎರಡೂ ಗುಂಪಿನ ಅಂಕಿ ಹತ್ತಿರ ಹತ್ತಿರ ಇದ್ದರೆ ಸರ್ವೆ ಜನರಿಗೆ ಹೇಳಿಕೊಟ್ಟಿಲ್ಲ ಎಂದು ನಂಬಬಹುದು. 1949ರಲ್ಲಿ ರಿಚರ್ಡ್ ಸೊಲೊಮನ್ ಇದನ್ನೇ ಬೆಳೆಸಿ ನಾಲ್ಕು ಗುಂಪಿನ ವಿನ್ಯಾಸ ಕೊಟ್ಟರು.

ನನ್ನನ್ನು ಕೇಳಿದರೆ, ನೆನಪು ಅಥವಾ ಕೊಳ್ಳುವ ಮನಸ್ಸು ಅಳೆಯುವಾಗ ಅದೇ ಜನ ಪರವಾಗಿಲ್ಲ. ಗುರುತು ಅಳೆಯುವಾಗ ಬೇರೆ ಜನರೇ ಮೇಲು, ಸ್ಯಾಂಪಲ್ ದೊಡ್ಡದಾಗಬೇಕಾದರೂ ಸರಿ.

ಜನ ತೀರಾ ಕಡಿಮೆ ಇದ್ದರೆ: ಫಿಶರ್

12 ಜನಕ್ಕೆ ಜಾಹೀರಾತು ತೋರಿಸಿದಿರಿ, 7 ಜನ ಗುರುತಿಸಿದರು. ತೋರಿಸದ 12 ಜನರಲ್ಲಿ 3 ಜನ. ಶೇ. 58 ಎದುರು ಶೇ. 25. ಭಾರಿ ವ್ಯತ್ಯಾಸ ಅನಿಸುತ್ತದೆ ಅಲ್ವಾ? ಇಷ್ಟು ಸಣ್ಣ ಅಂಕಿಗಳಿಗೆ ಜೆಡ್ ಮತ್ತು ಕೈ ಸ್ಕ್ವೇರ್ ಕೊಡುವ ಅಂದಾಜು ನಂಬುವಂತಿಲ್ಲ. ಗುಂಪು ಮತ್ತು ಉತ್ತರಗಳ ಕೋಷ್ಟಕದ ಯಾವುದಾದರೂ ಖಾನೆಯಲ್ಲಿ ನಿರೀಕ್ಷಿತ ಸಂಖ್ಯೆ (ಜಾಹೀರಾತಿನಿಂದ ಏನೂ ಆಗಿಲ್ಲದಿದ್ದರೆ ಬರಬೇಕಾದ ಎಣಿಕೆ) 5ಕ್ಕಿಂತ ಕಡಿಮೆಯಾದರೆ ಫಿಶರ್ ಎಕ್ಸಾಕ್ಟ್ ಟೆಸ್ಟ್ ಎನ್ನುವುದು ವಾಡಿಕೆ. ಇಲ್ಲಿ ಅತಿ ಸಣ್ಣ ನಿರೀಕ್ಷಿತ ಸಂಖ್ಯೆ ಸರಿಯಾಗಿ 5, ಗಡಿಯಲ್ಲೇ ಕೂತಿದೆ, ಹಾಗಾಗಿ ಫಿಶರ್ ಹಿಡಿಯುವುದೇ ಕ್ಷೇಮ. ಹಾಕಿದರೆ ಪಿ 0.21. ಏನೂ ಹೇಳಲಾಗುವುದಿಲ್ಲ.

ಈ ಟೆಸ್ಟ್‌ನ ಹಿಂದಿನ ಕತೆಯೂ ಒಂದು ಬಗೆಯ ಗುರುತು ಹಿಡಿಯುವ ಕತೆಯೇ. ಕಪ್ಪಿಗೆ ಮೊದಲು ಹಾಲು ಹಾಕಿದ್ದಾ, ಟೀ ಹಾಕಿದ್ದಾ ಎಂದು ರುಚಿ ನೋಡಿಯೇ ಹೇಳುತ್ತೇನೆ ಎಂದ ಮಹಿಳೆಗೆ 8 ಕಪ್ ಕೊಟ್ಟು ಪರೀಕ್ಷಿಸುವ ಉದಾಹರಣೆಯನ್ನು ಫಿಶರ್ 1935ರಲ್ಲಿ ಬರೆದರು. ನಾಲ್ಕರಲ್ಲಿ ಹಾಲು ಮೊದಲು, ನಾಲ್ಕರಲ್ಲಿ ಟೀ ಮೊದಲು. ಸುಮ್ನೆ ಊಹಿಸಿ ಎಂಟನ್ನೂ ಸರಿಯಾಗಿ ಹೇಳುವ ಸಾಧ್ಯತೆ 70ರಲ್ಲಿ 1. ಸಣ್ಣ ಪ್ರಯೋಗದಲ್ಲೂ ಗಟ್ಟಿ ಉತ್ತರ ಬರಬಹುದು, ಆದರೆ ಫಲಿತಾಂಶ ಅಷ್ಟು ಏಕಪಕ್ಷೀಯವಾಗಿರಬೇಕು.

ಹೌದು, ಇಲ್ಲ ಬಿಟ್ಟು ಅಂಕ ಕೊಟ್ಟರೆ

"ಈ ಬ್ರ್ಯಾಂಡ್ ನಿಮಗೆ ಎಷ್ಟು ಪರಿಚಿತ? 1ರಿಂದ 5" ಎಂದು ಕೇಳಿದ್ದರೆ ಸರಾಸರಿಗಳನ್ನು ಹೋಲಿಸುವ ಟಿ ಟೆಸ್ಟ್ ಇದೆ. ಸ್ಯಾಂಪಲ್ ದೊಡ್ಡದಿದ್ದರೆ ಅದು ನಡೆಯುತ್ತದೆ. ಸ್ಯಾಂಪಲ್ ಸಣ್ಣದಿದ್ದು, ಉತ್ತರಗಳೆಲ್ಲ ಒಂದು ತುದಿಗೆ ಒತ್ತಿಕೊಂಡಿದ್ದರೆ ಮಾನ್-ವಿಟ್ನಿ ಟೆಸ್ಟ್ ಹಾಕಿ, ಅದು ಸರಾಸರಿಯ ಬದಲು ಉತ್ತರಗಳ ಏರಿಳಿತದ ಕ್ರಮವನ್ನು ಹೋಲಿಸುತ್ತದೆ. ಅದೇ ಜನರನ್ನು ಎರಡು ಸಲ ಕೇಳಿದ್ದರೆ ಜೋಡಿ ಟಿ ಟೆಸ್ಟ್, ಅಥವಾ ಜೋಡಿ ಉತ್ತರಗಳಿಗೆ ಅದೇ ಕ್ರಮದ ಯೋಚನೆ ಹಚ್ಚುವ ವಿಲ್ಕಾಕ್ಸನ್ ಟೆಸ್ಟ್. ಆದರೆ ಒಂದು ಕೆಟ್ಟ ಅಭ್ಯಾಸ ಬಿಡಿ: 1ರಿಂದ 5ರ ಅಂಕಗಳನ್ನು ಆಮೇಲೆ "4 ಮತ್ತು 5 ಅಂದರೆ ಹೌದು" ಎಂದು ಕತ್ತರಿಸಿ, ಪಾಸಾಗುವವರೆಗೆ ಕತ್ತರಿ ಜಾಗ ಬದಲಿಸುವುದು. ಎಲ್ಲಿ ಕತ್ತರಿಸುತ್ತೀರಿ ಎನ್ನುವುದನ್ನು ಮೊದಲೇ ಬರೆದಿಡಿ.

ಕಾಗೆ ಮತ್ತು ಕೊಂಬೆ

ಇಲ್ಲಿಯವರೆಗೆ ಹೇಳಿದ ಯಾವ ಟೆಸ್ಟೂ "ಜಾಹೀರಾತಿನಿಂದ" ಎನ್ನುವ ಮಾತಿಗೆ ಉತ್ತರ ಕೊಡುವುದಿಲ್ಲ. ಮುಂಚೆ ಮತ್ತು ಆಮೇಲೆ ವ್ಯತ್ಯಾಸ ಇದೆಯಾ ಎನ್ನುವುದಕ್ಕೆ ಮಾತ್ರ ಉತ್ತರ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಯೇ ಮುರಿಯಿತು ಎನ್ನಲಾಗದು. ಆ ತಿಂಗಳು ಹಬ್ಬದ ಸೀಸನ್ ಇದ್ದಿರಬಹುದು. ಅಂಗಡಿಗಳಲ್ಲಿ ನಿಮ್ಮ ವಸ್ತು ಹೊಸದಾಗಿ ಮುಂದಿನ ಸಾಲಿಗೆ ಬಂದಿರಬಹುದು. ಎದುರಾಳಿ ಕಂಪನಿಯ ಜಾಹೀರಾತೇ ಆ ಬಗೆಯ ವಸ್ತುವಿನ ಬಗ್ಗೆ ಜನರ ಗಮನ ಸೆಳೆದಿರಬಹುದು.

ಜಾಹೀರಾತು ತೋರಿಸದ ಇನ್ನೊಂದು ಪ್ರದೇಶದಲ್ಲೂ ಅದೇ ಎರಡು ಸಮಯದಲ್ಲಿ ಕೇಳಿದಿರಿ ಅಂದುಕೊಳ್ಳಿ. ಅಲ್ಲಿ 400ರಲ್ಲಿ 124 ಇದ್ದದ್ದು 140 ಆಯಿತು. ಶೇ. 31ರಿಂದ ಶೇ. 35. ಜಾಹೀರಾತೇ ಇಲ್ಲದೆ 4 ಪಾಯಿಂಟ್ ಏರಿದೆ! ಹಾಗಾದರೆ ಜಾಹೀರಾತಿನ ಪಾಲು 7ರಲ್ಲಿ 4 ಕಳೆದು 3 ಮಾತ್ರ. ವ್ಯತ್ಯಾಸಗಳ ವ್ಯತ್ಯಾಸ ಎನ್ನುವ ವಿಧಾನ ಇದು. ನಾಲ್ಕು ಅಂಕಿಗಳ ಅನಿಶ್ಚಿತತೆ ಒಟ್ಟು ಸೇರುವುದರಿಂದ ಸ್ಟ್ಯಾಂಡರ್ಡ್ ಎರರ್ ಸುಮಾರು 0.047 ಆಗುತ್ತದೆ. ಜೆಡ್ 0.64, ಪಿ 0.52. ಶುರುವಿನಲ್ಲಿ ನೆಲಕಚ್ಚುತ್ತದೆ ಎಂದಿದ್ದು ಇದನ್ನೇ.

ಈ ಯೋಚನೆ ಹಳೆಯದು. 1854ರಲ್ಲಿ ಲಂಡನ್‌ನ ಕಾಲರಾ ಬಗ್ಗೆ ವೈದ್ಯ ಜಾನ್ ಸ್ನೋ ಹೀಗೇ ಹೋಲಿಸಿದರು. ಎರಡು ನೀರಿನ ಕಂಪನಿಗಳಲ್ಲಿ ಒಂದು ತಾನು ನೀರೆತ್ತುವ ಜಾಗವನ್ನು ನದಿಯ ಮೇಲ್ಭಾಗಕ್ಕೆ ಬದಲಿಸಿತ್ತು, ಇನ್ನೊಂದು ಬದಲಿಸಿರಲಿಲ್ಲ. ಎರಡರ ಹಿಂದಿನ ಮತ್ತು ಈಗಿನ ಸಾವುಗಳನ್ನು ಅವರು ಒಟ್ಟಿಗೆ ಇಟ್ಟು ನೋಡಿದರು. ಇದರ ಹಿಂದೆ ಒಂದು ನಂಬಿಕೆ ಇರುತ್ತದೆ: ಜಾಹೀರಾತು ಇಲ್ಲದಿದ್ದರೆ ಎರಡೂ ಪ್ರದೇಶ ಒಂದೇ ವೇಗದಲ್ಲಿ ಏರುತ್ತಿದ್ದವು. ಅದನ್ನು ಸಾಬೀತು ಮಾಡಲಾಗದು. ಹಿಂದಿನ ಕೆಲವು ಸುತ್ತುಗಳ ಅಂಕಿ ಇದ್ದರೆ ನೋಡಿ ಸಮಾಧಾನ ಪಟ್ಟುಕೊಳ್ಳಬಹುದು.

ಇದಕ್ಕಿಂತ ಮೇಲಾದದ್ದು ಲಾಟರಿ. ಯಾರಿಗೆ ಜಾಹೀರಾತು, ಯಾರಿಗೆ ಇಲ್ಲ ಎನ್ನುವುದನ್ನು ಚೀಟಿ ಎತ್ತಿದ ಹಾಗೆ ಹಂಚಿ. ಆನ್‌ಲೈನ್ ಜಾಹೀರಾತಿನಲ್ಲಿ ಇದು ಈಗ ಕಷ್ಟವೇನಲ್ಲ. ಹೀಗೆ ಹಂಚಿದರೆ ಒಂದು ದೊಡ್ಡ ಲಾಭವಿದೆ: ಮುಂಚಿನ ಸರ್ವೆಯೇ ಬೇಡ. ಎರಡೂ ಗುಂಪು ಶುರುವಿನಲ್ಲಿ ಸರಾಸರಿ ಒಂದೇ ಥರ ಇರುವಂತೆ ಲಾಟರಿಯೇ ನೋಡಿಕೊಳ್ಳುತ್ತದೆ. ಜಾಹೀರಾತು ಮುಗಿದ ಮೇಲೆ ಒಂದೇ ಸಲ ಕೇಳಿ, ಎರಡು ಗುಂಪನ್ನು ಸರಳ ಜೆಡ್ ಟೆಸ್ಟ್‌ನಿಂದ ಹೋಲಿಸಿ. ಸರ್ವೆ ಹೆಸರು ಕಲಿಸುವ ಕಾಟವೂ ಹೋಯಿತು, ಹಬ್ಬದ ಸೀಸನ್ ಕಾಟವೂ ಹೋಯಿತು. ಹಣ ಒಂದೇ ಕಡೆ ಹಾಕಬೇಕು ಅಂದರೆ ನಾನು ಇಲ್ಲಿ ಹಾಕುತ್ತೇನೆ. ಅತ್ಯಂತ ಸಾದಾ ಟೆಸ್ಟ್, ಅತ್ಯಂತ ಗಟ್ಟಿ ಉತ್ತರ.

ಎರಡು ಕಡೆ ಜಾರಬಹುದು. ಒಂದು, "ಜಾಹೀರಾತು ನೋಡಿದ ನೆನಪಿದೆಯಾ?" ಎಂದು ಕೇಳಿ, ಹೌದು ಎಂದವರನ್ನು ಇಲ್ಲ ಎಂದವರ ಜೊತೆ ಹೋಲಿಸುವುದು. ನಿಮ್ಮ ವಸ್ತು ಬಳಸುವವರ ಕಣ್ಣಿಗೆ ನಿಮ್ಮ ಜಾಹೀರಾತು ಬೇಗ ಬೀಳುತ್ತದೆ. ಬ್ರ್ಯಾಂಡ್ ಗೊತ್ತಿದ್ದದ್ದರಿಂದ ಜಾಹೀರಾತು ನೆನಪಾಯಿತೋ, ಜಾಹೀರಾತಿನಿಂದ ಬ್ರ್ಯಾಂಡ್ ಗೊತ್ತಾಯಿತೋ? ಈ ಹೋಲಿಕೆಯಲ್ಲಿ ಪಿ ವ್ಯಾಲ್ಯೂ ಯಾವಾಗಲೂ ಚೆನ್ನಾಗಿ ಬರುತ್ತದೆ, ಅದೇ ಅಪಾಯ. ಲಾಟರಿಯಲ್ಲಿ ಜಾಹೀರಾತಿನ ಗುಂಪಿಗೆ ಬಿದ್ದ ಎಲ್ಲರನ್ನೂ, ನೋಡಿರಲಿ ಬಿಟ್ಟಿರಲಿ, ಆ ಗುಂಪಿನಲ್ಲೇ ಎಣಿಸಿ. ಇದಕ್ಕೆ ಬೆಲೆಯಿದೆ. ಅರ್ಧ ಜನ ಮಾತ್ರ ಜಾಹೀರಾತು ನೋಡಿದ್ದರೆ, ನೋಡಿದವರಲ್ಲಿನ 7 ಪಾಯಿಂಟ್ ಇಡೀ ಗುಂಪಿನಲ್ಲಿ ಮೂರೂವರೆಯಾಗಿ ಕಾಣುತ್ತದೆ. ಅದನ್ನು ಹಿಡಿಯಲು ಸುಮಾರು ನಾಲ್ಕು ಪಟ್ಟು ಜನ ಬೇಕು. ಹಾಗಾಗಿಯೇ ಕೆಲವರು ಜಾಹೀರಾತು ತೋರಿಸದ ಗುಂಪಿಗೆ ಸಂಬಂಧವೇ ಇಲ್ಲದ ಸಾರ್ವಜನಿಕ ಪ್ರಕಟಣೆ ತೋರಿಸುತ್ತಾರೆ. ಆಗ ಆ ಗುಂಪಿನಲ್ಲೂ ಯಾರು ನೋಡುತ್ತಿದ್ದರು ಎಂದು ತಿಳಿಯುತ್ತದೆ.

ಎರಡನೆಯದು ಪ್ರದೇಶದ ಲೆಕ್ಕ. ಚೀಟಿ ಎತ್ತಿದ್ದು ಎರಡು ಊರುಗಳ ನಡುವೆ ಎಂದಾದರೆ, 800 ಜನರನ್ನು ಕೇಳಿದರೂ ನಿಮ್ಮ ಬಳಿ ಇರುವುದು ಎರಡು ಊರು ಮಾತ್ರ. ಒಂದೇ ಊರಿನವರು ಒಬ್ಬರನ್ನೊಬ್ಬರು ಸ್ವಲ್ಪ ಹೋಲುತ್ತಾರೆ. ಪೂರ್ತಿ ಹೋಲಿಕೆಯನ್ನು 1 ಎನ್ನುವ ಅಳತೆಯಲ್ಲಿ ಅದು ಬರೀ 0.01 ಇದ್ದರೂ, ಊರಿಗೆ 400 ಜನ ಎಂದರೆ ಸ್ಟ್ಯಾಂಡರ್ಡ್ ಎರರ್‌ನ ವರ್ಗ ಸುಮಾರು 5 ಪಟ್ಟಾಗುತ್ತದೆ. ಅಂದರೆ ಆ 400 ಜನ ಲೆಕ್ಕಕ್ಕೆ 80 ಜನರಷ್ಟೇ. ಒಂದು ಊರಿನಲ್ಲಿ ಜಾಸ್ತಿ ಜನರನ್ನು ಕೇಳುವುದಕ್ಕಿಂತ ಜಾಸ್ತಿ ಊರುಗಳಲ್ಲಿ ಸ್ವಲ್ಪ ಸ್ವಲ್ಪ ಜನರನ್ನು ಕೇಳುವುದು ಮೇಲು. ನನ್ನ ಮೇಲಿನ ಪ್ರದೇಶದ ಉದಾಹರಣೆ ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ತೆಗೆದುಕೊಂಡರೆ ಇನ್ನೂ ಬಡವಾಗುತ್ತದೆ.

ಎಷ್ಟು ಜನರನ್ನು ಕೇಳಬೇಕು?

ಇದಕ್ಕೆ ಉತ್ತರ, ನೀವು ಎಷ್ಟು ಸಣ್ಣ ಏರಿಕೆ ಹಿಡಿಯಬೇಕು ಎನ್ನುವುದರಲ್ಲಿದೆ. ಶುರುವಿನ ಗುರುತು ಶೇ. 30, ಗಡಿ 0.05, ನಿಜವಾದ ಏರಿಕೆ ಇದ್ದರೆ ಶೇ. 80ರಷ್ಟು ಸಲ ಸಿಕ್ಕಿಬೀಳಬೇಕು ಎಂದಿಟ್ಟುಕೊಳ್ಳಿ. 10 ಪಾಯಿಂಟ್ ಏರಿಕೆಗೆ ಪ್ರತಿ ಗುಂಪಿಗೆ ಸುಮಾರು 355 ಜನ ಸಾಕು. 7 ಪಾಯಿಂಟ್‌ಗೆ ಸುಮಾರು 710. 5 ಪಾಯಿಂಟ್‌ಗೆ ಸುಮಾರು 1,375. ಏರಿಕೆ ಅರ್ಧವಾದರೆ ಜನ ನಾಲ್ಕು ಪಟ್ಟು ಬೇಕು, ಸ್ಥೂಲವಾಗಿ. ನಮ್ಮ 400 ಜನರ ಸರ್ವೆಗೆ 7 ಪಾಯಿಂಟ್ ಹಿಡಿಯುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಾಣ್ಯ ಚಿಮ್ಮಿದ ಹಾಗೆ.

ಮುಂಚೆ, ಆಮೇಲೆ, ಎರಡು ಪ್ರದೇಶ ಎಂದು ನಾಲ್ಕು ಗುಂಪು ಮಾಡಿದರೆ ಅದೇ 7 ಪಾಯಿಂಟ್‌ಗೆ ಪ್ರತಿ ಗುಂಪಿಗೂ ಸುಮಾರು 1,400 ಜನ ಬೇಕು. ಒಟ್ಟು 5,600ರ ಆಸುಪಾಸು. ಲಾಟರಿಯಲ್ಲಿ ಎರಡೇ ಗುಂಪು, ಒಟ್ಟು 1,420. ಯಾವುದು ಅಗ್ಗ ಎಂದು ನೀವೇ ನೋಡಿ.

ದೊಡ್ಡ ಕಂಪನಿಗಳಿಗೂ ಈ ತಲೆನೋವು ತಪ್ಪಿದ್ದಲ್ಲ. ಅರ್ಥಶಾಸ್ತ್ರಜ್ಞರಾದ ರಾಂಡಲ್ ಲೂಯಿಸ್ ಮತ್ತು ಜಸ್ಟಿನ್ ರಾವ್ 25 ದೊಡ್ಡ ಆನ್‌ಲೈನ್ ಜಾಹೀರಾತು ಪ್ರಯೋಗಗಳನ್ನು ನೋಡಿ 2015ರಲ್ಲಿ ಬರೆದದ್ದು ಇದನ್ನೇ: ಲಕ್ಷಾಂತರ ಜನರಿದ್ದರೂ ಜಾಹೀರಾತಿನ ಲಾಭದ ಅಂದಾಜು ಬಹಳ ಅಗಲವಾಗಿಯೇ ಉಳಿಯುತ್ತದೆ. ಅವರು ನೋಡಿದ್ದು ಮುಖ್ಯವಾಗಿ ಮಾರಾಟವನ್ನು. ಒಬ್ಬೊಬ್ಬರು ಕೊಳ್ಳುವುದು ತುಂಬ ಏರುಪೇರು. ಗುರುತು ಹೌದು, ಇಲ್ಲ ಎಂಬ ಎರಡೇ ಉತ್ತರ, ಹಾಗಾಗಿ ನಮ್ಮ ಕೆಲಸ ಅಷ್ಟು ಕಷ್ಟವಲ್ಲ.

ಸಣ್ಣ ಆಯ್ಕೆಗಳು, ದೊಡ್ಡ ಜಗಳಗಳು

ಒಂದು ಬಾಲದ ಟೆಸ್ಟಾ, ಎರಡು ಬಾಲದ್ದಾ? "ಗುರುತು ಹೆಚ್ಚಿತಾ" ಎಂದು ಮಾತ್ರ ಕೇಳಿದರೆ ಒಂದು ಬಾಲ, "ಬದಲಾಯಿತಾ" ಎಂದರೆ ಎರಡು ಬಾಲ. ನಮ್ಮ ಮೊದಲ ಉದಾಹರಣೆಯಲ್ಲಿ ಒಂದು ಬಾಲ ಹಾಕಿದರೆ 0.036 ಇದ್ದದ್ದು 0.018 ಆಗುತ್ತದೆ. ಅಂಕಿ ಚೆಂದ ಕಾಣಲಿ ಎಂದು ಆಮೇಲೆ ಬಾಲ ಕತ್ತರಿಸುವವರೇ ಹೆಚ್ಚು. ಜಾಹೀರಾತು ಹೆಸರನ್ನು ಗೊಂದಲ ಮಾಡುವುದೂ ಉಂಟು. ಎದುರಾಳಿಯ ಜಾಹೀರಾತು ಎಂದೇ ಜನ ಅಂದುಕೊಳ್ಳಬಹುದು, ಆಗ ಗುರುತು ಇಳಿಯಲೂಬಹುದು. ಎರಡು ಬಾಲವೇ ಇರಲಿ.

ಪ್ರಶ್ನೆಗಳು ಜಾಸ್ತಿಯಾದಷ್ಟೂ ಸುಳ್ಳು ಗೆಲುವು ಜಾಸ್ತಿ. ಗುರುತು, ನೆನಪು, ಇಷ್ಟ, ನಂಬಿಕೆ, ಕೊಳ್ಳುವ ಮನಸ್ಸು, ಬೇರೆಯವರಿಗೆ ಹೇಳುವ ಮನಸ್ಸು ಎಂದು ಆರು ಕೇಳಿ, ಆರಕ್ಕೂ 0.05 ಗಡಿ ಇಟ್ಟರೆ, ಏನೂ ಆಗಿಲ್ಲದಿದ್ದರೂ ಕನಿಷ್ಠ ಒಂದು ಪಾಸಾಗುವ ಸಾಧ್ಯತೆ ಶೇ. 26ರಷ್ಟು. ಆರೂ ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಹಿಡಿದ ಲೆಕ್ಕ ಇದು. ಬಾನ್‌ಫೆರೋನಿ ಮದ್ದು ಸರಳ: ಗಡಿಯನ್ನು ಆರರಿಂದ ಭಾಗಿಸಿ, 0.008 ಮಾಡಿ. ನನಗೆ ಇಷ್ಟವಾದದ್ದು ಇನ್ನೂ ಸರಳ. ಮುಖ್ಯ ಪ್ರಶ್ನೆ ಒಂದೇ ಎಂದು ಮೊದಲೇ ಬರೆದಿಡಿ. ಉಳಿದ ಐದು ಕುತೂಹಲಕ್ಕೆ.

ದಿನಾ ಬೆಳಿಗ್ಗೆ ಡ್ಯಾಶ್‌ಬೋರ್ಡ್ ತೆರೆದು, ಪಾಸಾದ ದಿನ ಸರ್ವೆ ನಿಲ್ಲಿಸುವುದೂ ಇದೇ ಜಾತಿಯ ತಪ್ಪು. ಎಷ್ಟು ಜನ ಎಂದು ಮೊದಲೇ ನಿರ್ಧರಿಸಿ, ಅಲ್ಲಿಯವರೆಗೆ ಕೈ ಕಟ್ಟಿಕೊಳ್ಳಿ.

ಬೇಯ್ಸ್ ವಿಧಾನ (ಮುಂಚಿನ ಅಂದಾಜನ್ನು ಹೊಸ ಅಂಕಿಯಿಂದ ತಿದ್ದುವ ಲೆಕ್ಕ) ಹಿಡಿದರೆ "ಗುರುತು ಏರಿದ ಸಾಧ್ಯತೆ ಸುಮಾರು ಶೇ. 98" ಎಂದು ನೇರವಾಗಿ ಹೇಳಬಹುದು. ಮೊದಲ ಉದಾಹರಣೆಗೆ, ಮುಂಚಿತವಾಗಿ ಯಾವ ಪಕ್ಷವನ್ನೂ ಹಿಡಿಯದೆ ಲೆಕ್ಕ ಹಾಕಿದರೆ ಅಷ್ಟೇ ಬರುತ್ತದೆ. ಕೇಳುವವರಿಗೆ ಅರ್ಥವಾಗುವ ಭಾಷೆ ಅದು. ಹಳೆಯ ಹತ್ತಾರು ಜಾಹೀರಾತುಗಳ ಅಂಕಿ ನಿಮ್ಮ ಬಳಿ ಇದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಬಹುದು. ಆದರೆ ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಬೇಯ್ಸ್‌ಗೂ ಕಾಗೆಯೇ ಕೊಂಬೆ ಮುರಿದಂತೆ ಕಾಣುತ್ತದೆ.

ಪಿ 0.52 ಬಂದರೆ ಏನು ಬರೆಯಬೇಕು?

"ಜಾಹೀರಾತು ವಿಫಲ" ಎಂದು ಬರೆಯಬೇಡಿ. ಎರಡು ಪ್ರದೇಶದ ಉದಾಹರಣೆಯ ಕಾನ್ಫಿಡೆನ್ಸ್ ಇಂಟರ್ವಲ್ ನೋಡಿ: 6 ಪಾಯಿಂಟ್ ಇಳಿಕೆಯಿಂದ 12 ಪಾಯಿಂಟ್ ಏರಿಕೆಯವರೆಗೆ. ಇದರಲ್ಲಿ "ಏನೂ ಆಗಿಲ್ಲ" ಕೂಡ ಇದೆ, "ಭರ್ಜರಿ ಯಶಸ್ಸು" ಕೂಡ ಇದೆ. ಸರ್ವೆ ಎರಡನ್ನೂ ಬೇರೆ ಮಾಡುವಷ್ಟು ದೊಡ್ಡದಿರಲಿಲ್ಲ. ಇಂಟರ್ವಲ್ ಅರ್ಧ ಪಾಯಿಂಟ್ ಇಳಿಕೆಯಿಂದ 1 ಪಾಯಿಂಟ್ ಏರಿಕೆಯವರೆಗೆ ಇದ್ದಿದ್ದರೆ ಮಾತು ಬೇರೆ. ಆಗ ಜಾಹೀರಾತಿನಿಂದ ಗುರುತು ಹೇಳಿಕೊಳ್ಳುವಷ್ಟು ಏರಿಲ್ಲ ಎಂದು ಧೈರ್ಯವಾಗಿ ಹೇಳಬಹುದಿತ್ತು. ಎರಡಕ್ಕೂ ಪಿ 0.05ಕ್ಕಿಂತ ಮೇಲೇ. ವರದಿಯಲ್ಲಿ ನಾನಾದರೆ ಇಷ್ಟು ಬರೆಯುತ್ತೇನೆ: "ಅಂದಾಜು ಏರಿಕೆ 3 ಪಾಯಿಂಟ್, ಆದರೆ ಅದು 6 ಪಾಯಿಂಟ್ ಇಳಿಕೆಯಿಂದ 12 ಪಾಯಿಂಟ್ ಏರಿಕೆಯವರೆಗೆ ಎಲ್ಲಿಯಾದರೂ ಇರಬಹುದು. 7 ಪಾಯಿಂಟ್ ಏರಿಕೆಯನ್ನು ಹಿಡಿಯಲು ಮುಂದಿನ ಸಲ ಚೀಟಿ ಎತ್ತಿ ಹಂಚಿದ ಎರಡು ಗುಂಪು, ಪ್ರತಿ ಗುಂಪಿಗೆ 710 ಜನ ಬೇಕು."